ಕೆರೆ ಉಳಿಸಲು ಮೆರವಣಿಗೆ ಸಾಲದು, ನಕ್ಷೆಯ ಬಣ್ಣ ನೋಡಿ: ಭೂಬಳಕೆ ಆಕ್ಷೇಪಣೆ ಸಲ್ಲಿಸುವುದು ಹೇಗೆ, ಯಾವಾಗ?

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತು ಮತ್ತು ಹೆಸರು ಬದಲಾವಣೆ ಪ್ರಕಟಣೆಗಳ ನಡುವೆ, ಆಗಾಗ ಒಂದು ಚಿಕ್ಕ ಚೌಕ ಕಾಣಿಸುತ್ತದೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಉದ್ದೇಶಿಸಲಾಗಿದೆ, ಆಕ್ಷೇಪಣೆ ಇದ್ದವರು ಇಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸಬಹುದು ಎಂಬುದು ಅದರ ಒಕ್ಕಣೆ. ಅದನ್ನು ಓದುವವರು ಕಡಿಮೆ. ಸುದ್ದಿಮನೆಯಲ್ಲಿ ಕೂತ ನಾವೂ ಅದನ್ನು ಸುದ್ದಿ ಎಂದು ಎಣಿಸುವುದಿಲ್ಲ. ಐದಾರು ವರ್ಷ ಕಳೆದು ಅದೇ ಜಾಗದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಕೆರೆ ನೀರು ನುಗ್ಗಿದಾಗ ಮಾತ್ರ ಬ್ರೇಕಿಂಗ್ ನ್ಯೂಸ್ ಹಾಕುತ್ತೇವೆ.

ಕೆರೆ, ಹೊಳೆ, ಜೌಗು ಪ್ರದೇಶಗಳ ಹಣೆಬರಹ ತೀರ್ಮಾನವಾಗುವುದು ಬಹುಪಾಲು ಆ ಚಿಕ್ಕ ಚೌಕದಲ್ಲಿ. ಯಾಕೆಂದರೆ ಕೆರೆ ಅಂದರೆ ನೀರು ನಿಂತ ಗುಂಡಿಯಷ್ಟೇ ಅಲ್ಲ. ಮಳೆ ನೀರು ಹರಿದು ಬರುವ ಇಳಿಜಾರು, ಅದನ್ನು ತರುವ ಕಾಲುವೆ, ಕೋಡಿ ಬಿದ್ದ ಮೇಲೆ ನೀರು ಹೋಗುವ ದಾರಿ, ಎಲ್ಲ ಸೇರಿದರೆ ಕೆರೆ. ನಡುವಿನ ನೆಲಕ್ಕೆ ಕಾಂಕ್ರೀಟ್ ಹಾಕಿದರೆ ಕೆರೆಯ ಅಂಗಳಕ್ಕೆ ಎಷ್ಟು ಬೇಲಿ ಕಟ್ಟಿದರೂ, ಎಷ್ಟು ಸಲ ಹೂಳೆತ್ತಿದರೂ ಪ್ರಯೋಜನ ಅಷ್ಟಕ್ಕಷ್ಟೇ. ನಗರಗಳಲ್ಲಿ ಭಾನುವಾರ ಬೆಳಿಗ್ಗೆ ಕೆರೆ ಸ್ವಚ್ಛತೆಗೆ ಇಳಿಯುವ ಉತ್ಸಾಹಿಗಳ ಗುಂಪುಗಳು ಈಗ ಸಾಕಷ್ಟಿವೆ. ಆದರೆ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ ನಕ್ಷೆ ಬಿಡಿಸಿ ನೋಡುವವರು ಬೆರಳೆಣಿಕೆಯಷ್ಟು.

ಅಗರ-ಬೆಳ್ಳಂದೂರು ಪ್ರಕರಣ ಹೇಳುವುದೇನು?

ಬೆಂಗಳೂರಿನ ಕೆರೆಗಳು ಸರಪಳಿಯಂತೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ. ಗಡಿ ದಾಟಿದ ಮೇಲೆ ಇದೇ ನದಿ ತಮಿಳುನಾಡಿನವರಿಗೆ ತೆನ್‌ಪೆಣ್ಣೈ. ಹೊಸೂರು ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಕಂಡ ಚೆನ್ನೈ ಕನ್ನಡಿಗರಿಗೆ ಇದರ ಮೂಲ ಬಿಡಿಸಿ ಹೇಳಬೇಕಿಲ್ಲ. 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿಕೊಂಡು ದೇಶಾದ್ಯಂತ ಸುದ್ದಿಯಾಗಿತ್ತು.

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ತಗ್ಗು ಜಾಗದಲ್ಲಿ ಹತ್ತಾರು ಎಕರೆಯನ್ನು ಐಟಿ ಪಾರ್ಕ್, ವಸತಿ, ವಾಣಿಜ್ಯ ಸಂಕೀರ್ಣಗಳಿಗಾಗಿ ಕೊಡಲಾಗಿತ್ತು. ಇದನ್ನು ಪ್ರಶ್ನಿಸಿ ಫಾರ್ವರ್ಡ್ ಫೌಂಡೇಶನ್ ಸೇರಿದಂತೆ ನಾಗರಿಕ ಸಂಘಟನೆಗಳು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದವು. 2016ರ ಮೇ 4ರಂದು ನ್ಯಾಯಮಂಡಳಿ ಕೊಟ್ಟ ಆದೇಶ ಬೆಂಗಳೂರಿನ ರಿಯಲ್ ಎಸ್ಟೇಟ್ ಲೋಕವನ್ನೇ ಬೆಚ್ಚಿಬೀಳಿಸಿತು. ಇನ್ನು ಮುಂದೆ ಇಡೀ ನಗರದಲ್ಲಿ ಕೆರೆಯ ಅಂಚಿನಿಂದ 75 ಮೀಟರ್ ಒಳಗೆ ಕಟ್ಟುವಂತಿಲ್ಲ. ರಾಜಕಾಲುವೆಗಳ ಬದಿಯಲ್ಲಿ, ಕಾಲುವೆಯ ದರ್ಜೆಗೆ ತಕ್ಕಂತೆ, 50, 35 ಮತ್ತು 25 ಮೀಟರ್ ಬಿಡಬೇಕು. ಆಗ ಜಾರಿಯಲ್ಲಿದ್ದ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ ಬಿಡಬೇಕಿದ್ದ ಜಾಗ 30 ಮೀಟರ್, ಕಾಲುವೆಗಳಿಗೆ 50, 25 ಮತ್ತು 15.

ಪರಿಸರಪ್ರಿಯರು ಸಿಹಿ ಹಂಚಿದರು ಅನ್ನಿ. ಆ ಸಂಭ್ರಮ ಮೂರು ವರ್ಷ ಮಾತ್ರ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಹೊಸ ಅಳತೆಗಳನ್ನು ರದ್ದು ಮಾಡಿತು. ಅದು ಕೊಟ್ಟ ಕಾರಣವೇ ಇಲ್ಲಿ ಮುಖ್ಯ. ಮಾಸ್ಟರ್ ಪ್ಲಾನ್ ಎಂಬುದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರೂಪುಗೊಂಡ ಶಾಸನಬದ್ಧ ದಾಖಲೆ. ಅದರಲ್ಲಿ ಬರೆದ ಅಂಕಿಯನ್ನು ನ್ಯಾಯಮಂಡಳಿ ತಿದ್ದಲು ಬರುವುದಿಲ್ಲ.

ತೀರ್ಪು ಬಂದಾಗ ಬಹಳ ಮಂದಿ ಇದನ್ನು ಬಿಲ್ಡರ್‌ಗಳ ಗೆಲುವು ಎಂದು ಓದಿದರು. ನನಗೆ ಅದರಲ್ಲಿ ನಾಗರಿಕ ಗುಂಪುಗಳಿಗೆ ಸಿಕ್ಕ ದೊಡ್ಡ ಪಾಠವೂ ಕಾಣುತ್ತದೆ. ಎಷ್ಟು ಮೀಟರ್ ಎಂಬ ಅಂಕಿ ಪ್ಲಾನ್ ಕರಡಿನಲ್ಲಿರುವಾಗಲೇ ಕೂರಬೇಕು, ಆಮೇಲೆ ಕೋರ್ಟಿನಲ್ಲಿ ಕೂರಿಸಲು ಹೊರಟರೆ ಅದು ನಿಲ್ಲುವ ಖಾತ್ರಿ ಇಲ್ಲ. ಕಾನೂನನ್ನೇ ಬದಲಿಸುವ ದಾರಿಯೂ ಸರ್ಕಾರದ ಕೈಯಲ್ಲಿದೆ. 2025ರಲ್ಲಿ ಕರ್ನಾಟಕ ವಿಧಾನಮಂಡಲ ಕೆರೆಯ ವಿಸ್ತೀರ್ಣ ನೋಡಿ ಬಫರ್ ನಿಗದಿ ಮಾಡುವ ತಿದ್ದುಪಡಿ ವಿಧೇಯಕ ಅಂಗೀಕರಿಸಿತು. ನೂರು ಎಕರೆ ಮೀರಿದ ಕೆರೆಗೆ 30 ಮೀಟರ್, ಚಿಕ್ಕ ಕೆರೆಗಳಿಗೆ ಅದಕ್ಕಿಂತ ಕಡಿಮೆ. ಒಂದರಿಂದ ಹತ್ತು ಎಕರೆಯ ಕೆರೆಗಾದರೆ ಬರೀ 6 ಮೀಟರ್. ಇದಕ್ಕೆ ಅಂಕಿತ ಹಾಕಬೇಡಿ ಎಂದು ನಾಗರಿಕ ಸಂಘಟನೆಗಳು ರಾಜ್ಯಪಾಲರ ಮೊರೆ ಹೋದವು.

ಹೈದರಾಬಾದಿನ 84 ಹಳ್ಳಿಗಳು

ಭೂಬಳಕೆಯನ್ನೇ ಹಿಡಿದು ನೀರು ಕಾಯ್ದ ದೊಡ್ಡ ಉದಾಹರಣೆ ಹೈದರಾಬಾದಿನದು. ಇದಕ್ಕೂ ನಮಗೂ ಒಂದು ನಂಟಿದೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದ ಮೇಲೆ ನಿಜಾಮರು ಕರೆಸಿಕೊಂಡದ್ದು ನಮ್ಮ ಎಂ.ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವೇ ಒಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. 1920ರ ದಶಕದಲ್ಲಿ ಸಿದ್ಧವಾದ ಈ ಜೋಡಿ ಜಲಾಶಯಗಳು ಪ್ರವಾಹವನ್ನೂ ತಡೆದವು, ಕುಡಿಯುವ ನೀರನ್ನೂ ಕೊಟ್ಟವು.

1996ರ ಮಾರ್ಚ್‌ನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಜಿಒ 111 ಎಂದೇ ಹೆಸರಾದ ಆದೇಶ ಹೊರಡಿಸಿತು. ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಕ ಉದ್ಯಮ, ದೊಡ್ಡ ಹೋಟೆಲ್, ವಸತಿ ಬಡಾವಣೆಗಳಿಗೆ ನಿಷೇಧ. ಸುಮಾರು 1.32 ಲಕ್ಷ ಎಕರೆ ನೆಲಕ್ಕೆ ಒಂದೇ ಏಟಿಗೆ ಕಡಿವಾಣ. ಆದರೆ ಮರುವರ್ಷವೇ ಒಂದು ಎಣ್ಣೆ ಕಾರ್ಖಾನೆಗೆ ಸರ್ಕಾರ ತಾನೇ ವಿನಾಯಿತಿ ಕೊಟ್ಟಿತು! ಪರಿಸರ ಸಂರಕ್ಷಣೆಗಾಗಿ ಸ್ಥಳೀಯರು ಕಟ್ಟಿಕೊಂಡಿದ್ದ ಸಂಘವೂ ಭಾಗಿಯಾಗಿದ್ದ ಆ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. 1999ರಲ್ಲಿ ಅದೇ ಪ್ರಕರಣದಲ್ಲಿ ನ್ಯಾಯಾಲಯ ಒಂದು ಮಹತ್ವದ ಮಾತು ಹೇಳಿತು. ಯೋಜನೆಯಿಂದ ಪರಿಸರಕ್ಕೆ ಹಾನಿಯಿಲ್ಲ ಎಂದು ಸಾಬೀತು ಮಾಡುವ ಹೊಣೆ ಯೋಜನೆ ತಂದವರದ್ದು, ಪ್ರಶ್ನಿಸಿದವರದ್ದಲ್ಲ. 2000ದ ಡಿಸೆಂಬರ್‌ನಲ್ಲಿ ಕಾರ್ಖಾನೆಗೆ ಕೊಟ್ಟ ವಿನಾಯಿತಿ ಬಿದ್ದುಹೋಯಿತು.

ಕಾಲು ಶತಮಾನ ಈ ಆದೇಶ ನಿಂತಿತು. ನಗರ ಬೆಳೆದಂತೆ ಆ ಹಳ್ಳಿಗಳ ರೈತರಲ್ಲೂ ಅಸಮಾಧಾನ ಬೆಳೆಯಿತು. ಪಕ್ಕದ ಊರಿನ ಎಕರೆಗೆ ಕೋಟಿಗಳ ಬೆಲೆ, ನಮ್ಮದಕ್ಕೆ ಮಾತ್ರ ಇಲ್ಲ ಎಂಬುದು ಅವರ ಅಳಲು. ಅದು ಸುಳ್ಳೇನಲ್ಲ. ನಗರದವರ ನೀರಿಗಾಗಿ ತನ್ನ ಜಮೀನಿನ ಬೆಲೆ ಬಿಟ್ಟುಕೊಟ್ಟ ರೈತನಿಗೆ ಬದಲಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ನಗರದ ಪರಿಸರ ಗುಂಪುಗಳು ಉತ್ತರ ಹುಡುಕಿದ್ದು ಕಡಿಮೆ ಎಂದೇ ನನಗನಿಸುತ್ತದೆ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ನಿರ್ಬಂಧ ತೆಗೆಯುವ ಆದೇಶ ಹೊರಡಿಸಿತು. 2023ರ ಮೇನಲ್ಲಿ ಜಿಒ 111 ಅನ್ನೇ ಪೂರ್ತಿ ಕೈಬಿಡಲು ಸಂಪುಟ ತೀರ್ಮಾನಿಸಿತು. ಸರ್ಕಾರಿ ಆದೇಶದಿಂದ ಬಂದ ರಕ್ಷಣೆ ಇನ್ನೊಂದು ಸರ್ಕಾರಿ ಆದೇಶದಿಂದ ಹೋಯಿತು.

ಮುಂಬೈ: ಕರಡಿನಲ್ಲೇ ಹಿಡಿದರು

ಮುಂಬೈನಲ್ಲಿ ನಡೆದದ್ದು ಬೇರೆ ರೀತಿ. 2034ರವರೆಗಿನ ಅಭಿವೃದ್ಧಿ ಯೋಜನೆಯ ಕರಡು 2015ರ ಫೆಬ್ರವರಿಯಲ್ಲಿ ಹೊರಬಂತು. ಆರೆ ಕಾಲೊನಿಯ ಹಸಿರು ಜಾಗವನ್ನೂ ಅದು ನಿರ್ಮಾಣಕ್ಕೆ ತೆರೆಯಹೊರಟಿತ್ತು. ವಿಹಾರ್ ಮತ್ತು ಪವಾಯಿ ಕೆರೆಗಳಿಂದ ಹೊರಡುವ ಮೀಠಿ ನದಿ ಸಾಗುವುದು ಇದೇ ಆರೆಯ ಬದಿಯಲ್ಲಿ. 2005ರ ಜುಲೈ 26ರ ಮಳೆಯಲ್ಲಿ ಮೀಠಿ ಉಕ್ಕಿದ್ದನ್ನು ಕಂಡವರಿಗೆ ಆ ನೆಲದ ಬೆಲೆ ಗೊತ್ತು.

ನಾಗರಿಕ ಸಂಘಟನೆಗಳು ನಕ್ಷೆಗಳನ್ನು ವಾರ್ಡ್‌ವಾರು ಬಿಡಿಸಿ ಜನರಿಗೆ ತೋರಿಸಿದವು. ಆಸ್ಪತ್ರೆ ಇದ್ದಲ್ಲಿ ರಸ್ತೆ, ಪಾರಂಪರಿಕ ಕಟ್ಟಡ ಇದ್ದಲ್ಲಿ ಇನ್ನೇನೋ ಎಂಬಂಥ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಹತ್ತಾರು ಸಾವಿರ ಆಕ್ಷೇಪಣೆಗಳು ಬಂದವು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಕರಡನ್ನೇ ರದ್ದು ಮಾಡಿಸಿದರು. 2016ರಲ್ಲಿ ಪರಿಷ್ಕೃತ ಕರಡು ಬಂತು, ಅದಕ್ಕೂ ಆಕ್ಷೇಪಣೆಗಳ ಮಹಾಪೂರ, ವಿಚಾರಣೆ, ತಿದ್ದುಪಡಿ. ಹಾಗಂತ ಎಲ್ಲವೂ ಗೆದ್ದಿತು ಎನ್ನುವಂತಿಲ್ಲ. ಆರೆಯಲ್ಲಿ ಮೆಟ್ರೊ ಕಾರ್‌ಶೆಡ್ ಬಂದೇ ಬಂತು.

ಪವಾಯಿ ಕೆರೆ ದಂಡೆಯ ಸೈಕಲ್ ಮತ್ತು ಜಾಗಿಂಗ್ ಪಥದ ವಿಷಯದಲ್ಲಿ ಮಾತ್ರ ಜಯ ಸ್ಪಷ್ಟ. ಅದು ಕಾನೂನುಬಾಹಿರ, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಿ ಎಂದು 2022ರ ಮೇನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಅರ್ಜಿದಾರರಿಗೆ ಆಸರೆಯಾದದ್ದು 2017ರ ಜೌಗು ಪ್ರದೇಶ ನಿಯಮಗಳು. ಅದೇ ವರ್ಷ ಸುಪ್ರೀಂ ಕೋರ್ಟ್ ದೇಶದ 2,01,503 ಜೌಗು ಪ್ರದೇಶಗಳಿಗೆ ಹಿಂದಿನ 2010ರ ನಿಯಮಗಳ ತತ್ವದಡಿ ರಕ್ಷಣೆ ಕೊಡಬೇಕೆಂದಿತ್ತು. ಎರಡೂಕಾಲು ಹೆಕ್ಟೇರ್ ಮೀರಿದ ನಿಮ್ಮ ಬಡಾವಣೆಯ ಕೆರೆಯೂ ಆ ಪಟ್ಟಿಯಲ್ಲಿ ಇರಬಹುದು, ಹುಡುಕಿ ನೋಡಿ.

ಆಕ್ಷೇಪಣೆ ಬರೆಯುವುದು ಹೇಗೆ?

ಮೊದಲು ಬಣ್ಣ. ಭೂಬಳಕೆ ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ನೀಲಿ ಎಂದರೆ ನೀರು ಅಥವಾ ವಾಣಿಜ್ಯ (ಛಾಯೆ ಬೇರೆ ಇರುತ್ತದೆ, ಪಕ್ಕದ ಸೂಚಿಯನ್ನು ಓದಲೇಬೇಕು), ಹಸಿರು ಎಂದರೆ ಉದ್ಯಾನ ಅಥವಾ ಕೃಷಿ. ಅದರ ಪಕ್ಕದಲ್ಲಿ ಹಳೆಯ ಕಂದಾಯ ಗ್ರಾಮ ನಕ್ಷೆ ಇಟ್ಟುಕೊಳ್ಳಿ. ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಕಾಲುವೆ ಇದ್ದು, ಹೊಸ ನಕ್ಷೆಯಲ್ಲಿ ಅಲ್ಲಿ ಹಳದಿ ಇದ್ದರೆ ನಿಮಗೆ ಕೇಸು ಸಿಕ್ಕಿತೆಂದೇ ಅರ್ಥ. ಕರ್ನಾಟಕದಲ್ಲಿ ದಿಶಾಂಕ್ ಆಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಪತ್ರ ಚಿಕ್ಕದಿರಲಿ. ಪರಿಸರದ ಮಹತ್ವ ಕುರಿತ ಪ್ರಬಂಧ ಅಧಿಕಾರಿಗೆ ಬೇಕಿಲ್ಲ. ಯಾವ ಹಾಳೆ, ಯಾವ ಸರ್ವೆ ನಂಬರ್, ಕಂದಾಯ ದಾಖಲೆಯಲ್ಲಿ ಅದು ಏನು, ಈಗ ಏನೆಂದು ತೋರಿಸಿದ್ದಾರೆ, ಅದನ್ನು ಏನೆಂದು ಬದಲಿಸಬೇಕು, ಇಷ್ಟು ಸಾಕು. ಗ್ರಾಮ ನಕ್ಷೆಯ ಪ್ರತಿ, ಮಳೆಗಾಲದಲ್ಲಿ ನೀರು ನಿಂತ ಫೋಟೊ ಲಗತ್ತಿಸಿ. ಖುದ್ದು ವಿಚಾರಣೆಗೆ ಅವಕಾಶ ಕೊಡಿ ಎಂಬ ಒಂದು ವಾಕ್ಯ ಮರೆಯಬೇಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹೊರಬನ್ನಿ, ಮುಂದೆ ಕೋರ್ಟಿಗೆ ಹೋದರೆ 'ಆಗ ಯಾಕೆ ಸುಮ್ಮನಿದ್ದಿರಿ' ಎಂಬ ಪ್ರಶ್ನೆಗೆ ಅದೇ ಉತ್ತರ. ಒಂದೇ ಪತ್ರಕ್ಕೆ ಐನೂರು ಸಹಿ ಹಾಕಿಸುವ ಬದಲು ಐವತ್ತು ಮನೆಯವರು ತಮ್ಮ ತಮ್ಮ ಬಾವಿ, ಬೋರ್‌ವೆಲ್, ಬೇಸ್‌ಮೆಂಟಿನ ಕಥೆ ಬರೆದು ಕೊಟ್ಟರೆ ತೂಕ ಹೆಚ್ಚು.

ಎಲ್ಲಕ್ಕಿಂತ ಕಷ್ಟ ದಿನದ ಲೆಕ್ಕ. ಕರ್ನಾಟಕದಲ್ಲಿ ಬಿಡಿ ಜಮೀನಿನ ಭೂಬಳಕೆ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು 15 ದಿನ ಕೊಟ್ಟರೆ ಕಾನೂನಿನ ಅಗತ್ಯ ಮುಗಿಯಿತು. ಮಹಾರಾಷ್ಟ್ರದಲ್ಲಿ ಇಂಥ ತಿದ್ದುಪಡಿಗೆ ಒಂದು ತಿಂಗಳು. ಮಾಹಿತಿ ಹಕ್ಕಿನಲ್ಲಿ ಕಡತ ಕೇಳಿದರೆ ಉತ್ತರಕ್ಕೆ 30 ದಿನದ ಕಾಲಾವಕಾಶವಿದೆ. ಅಂದರೆ ನೋಟಿಸ್ ಕಂಡ ಮೇಲೆ ಆರ್‌ಟಿಐ ಹಾಕಿದರೆ ಮಾಹಿತಿ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹೀಗಾಗಿ ಕೆಲಸ ಮಾಡುವ ಗುಂಪುಗಳು ತಮ್ಮ ಕೆರೆಯ ಸುತ್ತಲಿನ ಸರ್ವೆ ನಂಬರುಗಳ ಪಟ್ಟಿ, ಗ್ರಾಮ ನಕ್ಷೆ, ಪಹಣಿ ಮೊದಲೇ ಸಿದ್ಧ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಕಟಣೆ ನೋಡುವ ಪಾಳಿಯನ್ನೂ ಹಂಚಿಕೊಳ್ಳಬಹುದು, ನಿವೃತ್ತರಾದ ಹಿರಿಯರೊಬ್ಬರು ದಿನಾ ಪತ್ರಿಕೆ ತಿರುವಿದರೆ ಸಾಕು. ಹಸಿರು ನ್ಯಾಯಮಂಡಳಿಗೂ ಗಡುವಿದೆ. ವಿವಾದ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು, ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅಷ್ಟೇ.

ಹೊರನಾಡಿನಲ್ಲಿದ್ದು ನಮಗೇನು?

ಎರಡು ಕಾರಣಕ್ಕೆ ಇದು ನಿಮ್ಮ ವಿಷಯ. ಇರುವ ಊರಿನ ಮಾಸ್ಟರ್ ಪ್ಲಾನ್‌ಗೆ ಆಕ್ಷೇಪಣೆ ಸಲ್ಲಿಸಲು ಮಾತೃಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ದೆಹಲಿಯ 2041ರ ಕರಡು 2021ರ ಜೂನ್‌ನಲ್ಲಿ ಪ್ರಕಟವಾದಾಗ 30 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ, ಸಲಹೆಗಳು ಬಂದವು. ಯಮುನೆಯ ಪ್ರವಾಹ ಬಯಲು ಅಲ್ಲೂ ದೊಡ್ಡ ಚರ್ಚೆ.

ಇನ್ನೊಂದು ಜೇಬಿನ ವಿಷಯ. ಪುಣೆ, ಹೈದರಾಬಾದಿನಲ್ಲಿ ದುಡಿದು ಬೆಂಗಳೂರಿನಲ್ಲೊಂದು ನಿವೇಶನ ಮಾಡಿಟ್ಟವರು ನಮ್ಮ ಓದುಗರಲ್ಲಿ ಬಹಳ. 2024ರಲ್ಲಿ ಹೈದರಾಬಾದಿನಲ್ಲಿ ಹೈಡ್ರಾ ಎಂಬ ಸಂಸ್ಥೆ ಸ್ಥಾಪನೆಯಾಗಿ ಕೆರೆಯಂಗಳ ಮತ್ತು ಬಫರ್ ಜಾಗದ ಕಟ್ಟಡಗಳನ್ನು ಕೆಡವತೊಡಗಿದಾಗ, ಅನುಮತಿ ಇದೆ, ಸಾಲವೂ ಸಿಕ್ಕಿದೆ ಎಂದು ನಂಬಿ ಮನೆ ಕೊಂಡವರೂ ಬೀದಿಯಲ್ಲಿ ನಿಂತರು. ಕೊಳ್ಳುವ ಮೊದಲು ಗ್ರಾಮ ನಕ್ಷೆ ನೋಡುವ ಕೆಲಸವೂ ಕೆರೆ ಉಳಿಸಲು ಆಕ್ಷೇಪಣೆ ಬರೆಯುವ ಕೆಲಸವೂ ಶುರುವಾಗುವುದು ಒಂದೇ ಹಾಳೆಯಿಂದ.

2017ರ ನವೆಂಬರ್‌ನಲ್ಲಿ ಪ್ರಕಟವಾದ ಬೆಂಗಳೂರಿನ 2031ರ ಕರಡಿಗೂ ಸಾವಿರಾರು ಆಕ್ಷೇಪಣೆ ಬಂದು, ಸರ್ಕಾರ ಕೊನೆಗೆ ಅದನ್ನು ಹಿಂಪಡೆಯಿತು. 2007ರಲ್ಲಿ ಒಪ್ಪಿಗೆ ಪಡೆದ ಹಳೆಯ ಪ್ಲಾನ್‌ನಲ್ಲೇ ಊರು ಸಾಗಿತು. ಮುಂದಿನ ಕರಡು ಬಂದಾಗ ಮುಂಬೈನಲ್ಲಿ ಕೂತೂ ಅದನ್ನು ತೆರೆದು ನೋಡಬಹುದು. ನಿಮ್ಮ ನಿವೇಶನದ ಸರ್ವೆ ನಂಬರ್ ಹುಡುಕುವ ಮೊದಲು ಅದರ ಮೇಲ್ಭಾಗದ ಕೆರೆಯನ್ನು ಹುಡುಕಿ. ಅಲ್ಲಿಂದ ಇಳಿಯುವ ಕಾಲುವೆ ನಕ್ಷೆಯಲ್ಲಿ ಎಲ್ಲಿ ಮಾಯವಾಗುತ್ತದೋ ಆ ಜಾಗದ ಸರ್ವೆ ನಂಬರನ್ನು ಮೊದಲು ಬರೆದುಕೊಳ್ಳಿ.