ಮಗು ಮಾಡಿದಂತೆ ನಾವೂ ಮಾಡೋಣ

ಕುನ್ನತ್ತೂರಿನ ಕಡೆಯ ಒಕ್ಕಲು ಮನೆಗಳಲ್ಲಿ ಮಗು ಕಾಂಗೇಯಂ ಕರುವನ್ನು ನೋಡಿ 'ಅಂಬಾ' ಎಂದರೆ ನಾವು ನಕ್ಕು ಮುಂದೆ ಹೋಗುತ್ತೇವೆ. ಹಾಲು ಕರೆಯಬೇಕು, ಕೊರಂಗಾಡಿಗೆ ದನ ಬಿಡಬೇಕು, ಪುರುಸೊತ್ತೆಲ್ಲಿ? ಆದರೂ ಅರೆಗಳಿಗೆ ನಿಂತು ನಾವೂ 'ಅಂಬಾ' ಎನ್ನೋಣ. ಮಗು ಕಣ್ಣರಳಿಸಿ ಮತ್ತೆ ಕೂಗೀತು.

ಕೈಮುಗಿಯಲು, ಶಿಲುಬೆಯ ಗುರುತು ಹಾಕಲು ಮಗುವಿಗೆ ಕಲಿಸುತ್ತೇವೆ. ನಾವು ಅದನ್ನು ಅನುಕರಿಸುವುದು ಮಾತ್ರ ಅಪರೂಪ. 14 ತಿಂಗಳ ಮಕ್ಕಳು ತಮ್ಮನ್ನು ಅನುಕರಿಸುವವರನ್ನೇ ಹೆಚ್ಚು ಹೊತ್ತು ನೋಡಿ ನಗುತ್ತಾರೆಂದು ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಮೆಲ್ಟ್‌ಝಾಫ್ 1990ರಲ್ಲಿ ಬರೆದರು. ಮಗುವಿನ ದನಿ, ಸನ್ನೆಗಳನ್ನು ಅನುಕರಿಸಿ ಮಾತುಕತೆ ಆರಂಭಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ನ 2012ರ ಕೈಪಿಡಿಯೂ ಹೇಳುತ್ತದೆ.

ಮುಖವನ್ನು ಮಗುವಿನ ಮಟ್ಟಕ್ಕೆ ತನ್ನಿ. ಅದು ಮಾಡಿದ್ದನ್ನು ಮಾಡಿ, ಸುಮ್ಮನೆ ಕಾಯಿರಿ. ಈ ಕಾಯುವುದೇ ನಮಗೆ ಕಷ್ಟ. ಅದು ಮುಖ ತಿರುಗಿಸಿದರೆ ಸಾಕು ಮಾಡಿ. ತೊದಲು ಮಾತನ್ನು ಅಣಕಿಸಿ ಅಳಿಸುವುದಕ್ಕೆ ಆಟವೆನ್ನಬೇಡಿ. ಕತ್ತಲಾದ ಮೇಲೆ ಮನೆ ಸೇರುವ ತಂದೆಯರೇ, ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ಕೊಡಿ.

ಇನ್ನೊಂದು ಮಾತು. ವರ್ಷ ತುಂಬಿದರೂ ಮಗು ಕರೆದಾಗ ತಿರುಗದಿದ್ದರೆ, 'ಬಬ್ಬ, ಮಮ್ಮ' ಎಂದು ತೊದಲದಿದ್ದರೆ, ಟಾಟಾ ಮಾಡದಿದ್ದರೆ, 'ಅವರಪ್ಪನೂ ತಡವಾಗಿಯೇ ಮಾತಾಡಿದ' ಎಂದು ಕೂರಬೇಡಿ. ವೈದ್ಯರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಿ.