ಕರಿಮಣಿಯೂ ಕನಕವೂ

ಕಾರವಾರ, ಅಂಕೋಲೆಗಳ ಆಭರಣಗಳನ್ನು ಕುರಿತು ಬರೆಯಹೊರಟವರು ಸಾಮಾನ್ಯವಾಗಿ ದೈವಜ್ಞ ಸೊನಗಾರರ ಚಿನ್ನದಿಂದಲೇ ಆರಂಭಿಸುವರು. ಊರವರು ಶೇಟರೆಂದು ಕರೆಯುವ ಈ ಕುಶಲಕರ್ಮಿಗಳ ಹಸ್ತಲಾಘವವನ್ನು ನೆನೆದರೆ ಅದು ಅನುಚಿತವೂ ಅಲ್ಲ. ಗುಂಡಿನ ಮೇಲೆ ರವೆ ಕೂರಿಸುವ ಕೆಲಸವೊಂದನ್ನೇ ನೋಡಿರಿ. ಉಕ್ಕಿನ ಪಟ್ಟಿಯ ಕಿರಿದು ಕಿರಿದಾದ ರಂಧ್ರಗಳಲ್ಲಿ ಎಳೆದು ನವಿರಾಗಿಸಿದ ತಂತಿಯನ್ನು ತುಂಡರಿಸಿ, ಇದ್ದಿಲ ಪುಡಿಯಲ್ಲಿ ಹುದುಗಿಸಿ ಕಾಯಿಸಲು, ಪ್ರತಿ ತುಣುಕೂ ಕರಗಿ ತಾನೇ ತಾನಾಗಿ ಗೋಲಾಕಾರ ತಳೆಯುವುದು. ಸಾಸಿವೆಗಿಂತ ಸಣ್ಣವಾದ ಆ ಕಾಳುಗಳನ್ನು ಬಿಳಿಗಾರದ ನೆರವಿನಿಂದ ಬೆಸೆಯುವಾಗ ಊದುಕೊಳವೆಯ ಉರಿ ತುಸು ಹೆಚ್ಚಿತೋ, ಸಮಸ್ತವೂ ಒಂದೇ ಮುದ್ದೆ.

ಈ ತೀರದ ಚಿನ್ನಕ್ಕೆ ದೂರದೇಶದ ನಂಟೂ ಉಂಟು. 1284ರಿಂದ ವೆನಿಸ್ ನಗರದಲ್ಲಿ ಅಚ್ಚಾಗುತ್ತಿದ್ದ, ಸುಮಾರು ಮೂರೂವರೆ ಗ್ರಾಂ ತೂಕದ ಡುಕಾಟ್ ನಾಣ್ಯವು ಕಡಲು ದಾಟಿ ಪಶ್ಚಿಮ ಕರಾವಳಿಗೆ ಬಂದು, ಸಂತ ಮಾರ್ಕನನ್ನೂ ಅವನೆದುರು ಮಂಡಿಯೂರಿದ ನಗರಾಧಿಪತಿಯನ್ನೂ ಹೊತ್ತುಕೊಂಡೇ ಕೊಂಕಣದ ಸ್ತ್ರೀಯರ ಪುತಳಿ ಸರವನ್ನು ಸೇರಿತು. ಮುಂದೆ ಅದೇ ಮಾದರಿಯ ಬಿಲ್ಲೆಗಳ ಮೇಲೆ ಲಕ್ಷ್ಮಿಯೂ ಬಂದು ಕುಳಿತಳು. ಸಂತನಿಗೆ ಆಕ್ಷೇಪವೇನೂ ಇದ್ದಂತಿಲ್ಲ!

ಆದರೆ ಒರೆಗಲ್ಲಿನ ಹಂಗೇ ಇಲ್ಲದ ಒಂದು ಆಭರಣಸಂಪ್ರದಾಯ ಇದೇ ನೆಲದಲ್ಲಿದೆ. ನನ್ನ ಮಟ್ಟಿಗೆ ಅದೇ ಹಿರಿದು. ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ವೃದ್ಧೆಯರು ಕುಪ್ಪಸವಿಲ್ಲದೆ ಉಟ್ಟ ಸೀರೆಯ ಮೇಲೆ, ಕೊರಳಿನಿಂದ ಎದೆಯವರೆಗೆ, ಎಳೆಯ ಮೇಲೆ ಎಳೆಯಾಗಿ ಧರಿಸುವ ಮಣಿಸರಗಳಲ್ಲಿ ಕರಿಮಣಿಯದೇ ಪ್ರಾಧಾನ್ಯ. ನಡುನಡುವೆ ಕೆಂಪು, ಹಳದಿ, ಬಿಳಿ. ಇಂತಹ ಕಿರುಮಣಿಗಳ ಹಿಂದಿರುವ ವಿದ್ಯೆಯೂ ಅಲ್ಪವಲ್ಲ: ಕರಗಿದ ಗಾಜನ್ನು ಟೊಳ್ಳು ನಳಿಗೆಯಾಗಿ ಎಳೆದು, ತುಂಡರಿಸಿ, ಬೂದಿಯೊಡನೆ ಮರಳಿ ಕಾಯಿಸಿ ಅಂಚನ್ನು ನಯಗೊಳಿಸುವ ಕ್ರಮವು ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ ಎರಡು ಸಹಸ್ರ ವರ್ಷಗಳ ಹಿಂದೆಯೇ ರೂಢಿಯಲ್ಲಿತ್ತು. ಇಂಥ ಮಣಿಯನ್ನು ಅಡವಿಡಲು ಬಾರದು, ಕರಗಿಸಲೂ ಬಾರದು. ದಾರ ಸವೆದಾಗ ಮತ್ತೆ ಪೋಣಿಸಬಹುದು, ಅಷ್ಟೆ.

1963ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣ ನಿಯಮಗಳು ಹೊಸ ಒಡವೆಗಳ ಚಿನ್ನದ ಶುದ್ಧತೆಯನ್ನು 14 ಕ್ಯಾರೆಟ್ಟಿಗೆ ಮಿತಗೊಳಿಸಿದಾಗ ನಾಡಿನ ಅಕ್ಕಸಾಲಿಗಳನೇಕರ ಅಗ್ಗಿಷ್ಟಿಕೆ ಆರಿತು. ಹಾಲಕ್ಕಿಯ ಕೊರಳಿಗೆ ಆ ಶಾಸನ ತಾಗುವಂತೆಯೇ ಇರಲಿಲ್ಲ. 2021ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡರು ಅದೇ ವೇಷದಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ವರದಿಗಾರರ ದೃಷ್ಟಿಯೆಲ್ಲ ಅವರ ಬರಿಗಾಲಿನ ಮೇಲೆ ನೆಟ್ಟಿತು. ತುಸು ಮೇಲೆತ್ತಿದ್ದರೆ ಕೊರಳ ಮಣಿಗಳೂ ಕಾಣುತ್ತಿದ್ದವು.