ನೆಗೆಯುವ ಮುನ್ನಿನ ಕ್ಷಣ

ಅಕ್ಕಿಆಲೂರಿನ ಓಣಿಯಲ್ಲಿ ಸಂಜೆಯ ಹೊತ್ತು ಮಕ್ಕಳು ಚಿಣಿಪಣಿಯಾಡುವುದನ್ನು ನಿಂತು ನೋಡಿದವರು ನಮ್ಮ ಮಾತನ್ನು ಒಪ್ಪದಿರಲಾರರು. ಚಿಣಿಯು ಇನ್ನೂ ಕುಳಿಯ ಮೇಲೆಯೇ ಇರುತ್ತದೆ. ಆದರೆ ಹಿಡಿಯಲು ನಿಂತ ಬಾಲಕನ ಹಿಮ್ಮಡಿಯು ಆಗಲೇ ನೆಲ ಬಿಟ್ಟಿರುತ್ತದೆ, ಬೊಗಸೆ ತೆರೆದಿರುತ್ತದೆ. ಮಕ್ಕಳ ಚಿತ್ರ ಬರೆಯುವವರು ಹಿಡಿಯತಕ್ಕದ್ದು ಈ ಕ್ಷಣವನ್ನೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಾರಣವು ಸರಳವಾದುದು. ನೆಗೆಯುವ ಮುನ್ನ ಮೈ ಕುಗ್ಗುತ್ತದೆ. ಎಸೆಯುವ ಮುನ್ನ ತೋಳು ಹಿಂದೆ ಸರಿಯುತ್ತದೆ. ಕೈಗಿಂತ ಮೊದಲು ಕಣ್ಣು ಹೊರಡುತ್ತದೆ. ಇಷ್ಟನ್ನು ಬರೆದರೆ ಉಳಿದ ಚಲನೆಯನ್ನು ನೋಡುವವರ ಮನಸ್ಸೇ ಪೂರೈಸಿಕೊಳ್ಳುತ್ತದೆ. ಮಕ್ಕಳ ದೇಹದ ಪ್ರಮಾಣವೂ ಬೇರೆ. ಹುಟ್ಟಿದ ಕೂಸಿನ ತಲೆಯು ಮೈಯುದ್ದದ ಸುಮಾರು 4ರಲ್ಲಿ 1 ಪಾಲು. ಬೆಳೆದವರಲ್ಲಿ 7 ಅಥವಾ 8ರಲ್ಲಿ 1 ಪಾಲು. ಎಳೆಯ ಮಗು ಮುಂದಕ್ಕೆ ವಾಲಿ ವಾಲಿ ಓಡುವುದರಲ್ಲಿ ಈ ತಲೆಭಾರದ ಪಾಲೂ ಉಂಟು. ಇದನ್ನರಿಯದೆ ಬರೆದ ಮಗು ಕುಳ್ಳನಾದ ದೊಡ್ಡವನಂತೆ ಕಾಣುವುದು.

ಹಾಲೆಂಡಿನ ರೆಂಬ್ರಾಂಟನು 17ನೆಯ ಶತಮಾನದಲ್ಲಿ, ಇಬ್ಬರು ಹೆಂಗಸರು ಮಗುವಿಗೆ ನಡೆ ಕಲಿಸುವುದನ್ನು ಕೆಂಪು ಸೀಮೆಸುಣ್ಣದ ಕೆಲವೇ ಗೆರೆಗಳಲ್ಲಿ ಬರೆದನು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರದಲ್ಲಿ ಮುಂದಿನ ಹೆಜ್ಜೆಯ ಅಂಜಿಕೆಯೂ ಆಸೆಯೂ ಕಾಣುತ್ತವೆ. ನಮ್ಮವರೇ ಆದ ಕೆ. ಕೆ. ಹೆಬ್ಬಾರರು (1911–1996) ಲಯವನ್ನರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಚಲನೆಯನ್ನು ಬರೆಯಬೇಕಾದರೆ ಅದನ್ನು ಮೊದಲು ಮೈಯಿಂದ ಅರಿಯಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ನಮ್ಮ ಅನೇಕ ಶಾಲೆಗಳ ಚಿತ್ರಕಲೆಯ ತರಗತಿಯಲ್ಲಿ ನಡೆಯುವುದೇನು? ಮಡಕೆಯನ್ನೂ ಹಣ್ಣನ್ನೂ ನೋಡಿ ಬರೆಯುವುದೇ ಅಲ್ಲಿ ಪಾಠ. ಮಗುವನ್ನು ಬರೆಯುವ ಪ್ರಸಂಗ ಬಂದಾಗಲೂ “ಅಲುಗಾಡದೆ ಕೂಡು” ಎಂದು ಗದರಿಸುತ್ತೇವೆ. ಹಾಗೆ ಕುಳಿತ ಮಗುವಿನಲ್ಲಿ ನಮ್ಮ ಆಜ್ಞೆಯು ಕಾಣುವುದೇ ಹೊರತು ಮಗುವಿನ ಇಚ್ಛೆಯು ಕಾಣದು. ಮಕ್ಕಳನ್ನು ಮಡಕೆಯಂತೆ ನೋಡುವ ಅಭ್ಯಾಸವು ಕಾಗದದ ಮೇಲಷ್ಟೇ ನಿಲ್ಲುವುದೆಂದು ನಂಬಲು ನಾವು ಸಿದ್ಧರಿಲ್ಲ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ವಾರಕ್ಕೊಮ್ಮೆ ತರಗತಿಯನ್ನು ಬಯಲಿಗೆ ಕರೆದೊಯ್ಯಿರಿ. ಅರ್ಧ ಮಕ್ಕಳು ಆಡಲಿ, ಅರ್ಧ ಮಕ್ಕಳು ಬರೆಯಲಿ. ಬಳಿಕ ಸರದಿ ಬದಲಾಗಲಿ. ಒಂದೊಂದು ಚಿತ್ರಕ್ಕೆ ಅರ್ಧ ನಿಮಿಷ ಸಾಕು. ಅಳಿಸುವ ರಬ್ಬರು ಬೇಡ. ಮೊದಲು ಬೆನ್ನಿನ ಓರೆ, ಆಮೇಲೆ ಭಾರ ಹೊತ್ತ ಕಾಲು, ಅನಂತರ ದೃಷ್ಟಿಯ ದಿಕ್ಕು. ಮುಖದ ಅಂದವು ಕೊನೆಗಿರಲಿ. ಇದಕ್ಕೆ ಸರಕಾರದ ಮಂಜೂರಾತಿಯೂ ಬೇಡ, ಹಣವೂ ಬೇಡ. ಆಡುವ ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ; ನೋಡುವ ಕಣ್ಣುಗಳನ್ನು ನಾವು ಸಿದ್ಧಪಡಿಸಬೇಕಾಗಿದೆ.